ಅಜ್ಜಿಯ ಕಿವಿಗೆ ಅಪ್ಪ ಮಾಡಿದ ಫಿಲ್ಟರ್

ಇವತ್ತು ಕಾಲೇಜಿನ ಲ್ಯಾಬಿನಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದಾಗ ಸಿದ್ಧಾರ್ಥನಗರದ ನಮ್ಮ ಹಳೇ ಮನೆ ನೆನಪಾಯಿತು. ಅಪ್ಪ ಮೇಟಗಳ್ಳಿಯ ಕಾರ್ಖಾನೆಯಿಂದ ಬಂದವರೇ ಯಾವುದಾದರೂ ಸರ್ಕ್ಯೂಟಿಗೆ ಬೆಸುಗೆ ಹಾಕುತ್ತಾ ಕೂರುತ್ತಿದ್ದರು, ಪಕ್ಕದಲ್ಲಿ ಕಾಫಿ ಆರಿಹೋಗುತ್ತಿತ್ತು.

ಅಜ್ಜಿಗೆ ಕಿವಿ ಮಂದವಾಗಿತ್ತು. ಅವರಿಗಾಗಿ ಅಪ್ಪ ಮೈಕು, ಇಯರ್‌ಫೋನು ಇರುವ ಪುಟ್ಟ ಡಬ್ಬಿ ಮಾಡಿಕೊಟ್ಟರು. ಅಜ್ಜಿ ಅದನ್ನು ತೆಗೆದು ಕೆಳಗಿಟ್ಟರು.

"ಫ್ಯಾನು, ಬಸ್ಸು ಎಲ್ಲಾ ಗುಂಯ್ ಅನ್ನುತ್ತೆ ಕಣೋ, ಮಾತು ಮಾತ್ರ ತಿಳಿಯಲ್ಲ. ಬುಡು, ನಂಗೆ ಅಭ್ಯಾಸ ಆಗಿದೆ."

ಆಮೇಲೆ ಅವರು ಊಟಕ್ಕೂ ನಮ್ಮ ಜೊತೆ ಕೂರುವುದನ್ನು ಬಿಟ್ಟರು.

ಅಪ್ಪ ಸುಮ್ಮನಾಗಲಿಲ್ಲ. ದಪ್ಪ ಸದ್ದನ್ನು ತಡೆದು ಮಾತಿನ 'ಸ'ಕಾರದಂಥ ಸಣ್ಣ ಸದ್ದನ್ನು ಎತ್ತಿಕೊಡುವ ಫಿಲ್ಟರ್ ಕೂರಿಸಿ, ಒಂದೊಂದೇ ಕೆಪಾಸಿಟರ್ ಬದಲಿಸುತ್ತಾ ಹೋದರು. ಪ್ರತಿ ಸಲವೂ ನಾನು ತುಟಿ ಕಾಣದ ಹಾಗೆ ಅಜ್ಜಿಯ ಹಿಂದೆ ನಿಂತು "ಸಾಸಿವೆ" ಅನ್ನಬೇಕಿತ್ತು. ಎಷ್ಟೋ ಭಾನುವಾರ ಅಜ್ಜಿ ತಲೆಯಾಡಿಸಿ ಇಲ್ಲ ಎಂದರು. ಒಂದು ದಿನ ಮಾತ್ರ ತಿರುಗಿ ನನ್ನನ್ನೇ ನೋಡಿದರು.

"ಸಾಸಿವೆ ಯಾಕಮ್ಮ, ಒಗ್ಗರಣೆಗಾ?"

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ಫಿಲ್ಟರ್ ಡಿಸೈನ್ ಪಾಠ ನಾನೇ ಮಾಡುತ್ತೇನೆ. ಯಾವ ಫ್ರೀಕ್ವೆನ್ಸಿ ಬಿಡಬೇಕು, ಯಾವುದನ್ನು ತಡೆಯಬೇಕು ಮೇಡಂ ಎಂದು ಮಕ್ಕಳು ಕೇಳಿದರೆ, "ಕೇಳಿಸಿಕೊಳ್ಳೋರು ಯಾರು ಅಂತ ಮೊದಲು ಹೇಳಿ" ಅನ್ನುತ್ತೇನೆ.