ಸ್ಯಾಂಟೊರಿನಿಯಲ್ಲಿ ಬೇರೆ ರೂಮು

ಗೆಳೆಯರೇ, ಇವತ್ತು ನಾನು ಬಾಯಿ ಮುಚ್ಚಿಕೊಂಡು ಕೂತೆ. ನಿಮ್ಮೆದುರು ಒಪ್ಪಿಕೊಳ್ಳುತ್ತಿದ್ದೇನೆ.

ಸಿಂಗಾಪುರದ ಬಿಶಾನ್‌ನಲ್ಲಿ ಸುಮಾಳ ಮನೆಯಲ್ಲಿ ಮೂರು ಕನ್ನಡ ಸಂಸಾರಗಳು ಸೇರಿದ್ದೆವು. ಜೂನ್ ರಜೆಗೆ ಗ್ರೀಸ್‌ನ ಸ್ಯಾಂಟೊರಿನಿ ದ್ವೀಪ. ಫೋನಿನಲ್ಲಿ ನೋಡಿದ, ಸಮುದ್ರಕ್ಕೆ ಮುಖ ಮಾಡಿದ ಬಿಳಿ ಬಾಡಿಗೆ ಮನೆಯೊಂದು ಎಲ್ಲರಿಗೂ ಹಿಡಿಸಿತು. ಬುಕ್ ಮಾಡುವ ಮುಂಚೆ ಸುಮಾ ಶುರು ಮಾಡಿದಳು:

“ಕಿಚನ್ ಒಂದೇ ಇರೋದು, ಪ್ಯೂರ್ ವೆಜ್ ಇಟ್ಕೊಳ್ಳೋಣ. ಮಂಜು, ಬೇಜಾರ್ ಮಾಡ್ಕೋಬೇಡಿ, ನಿಮ್ಗೆ ಪಕ್ಕದಲ್ಲೇ ಬೇರೆ ರೂಮ್ ನೋಡಿದೀನಿ. ವ್ಯೂ ಸೂಪರ್ ಆಗಿದೆ.”

“ನಾವು ಅಲ್ಲಿ ನಾನ್‌ವೆಜ್ ಮಾಡಲ್ವಲ್ರೀ,” ಎಂದ ಮಂಜು.

“ಆದ್ರೂ… ನಮ್ಮತ್ತೆ ಬರ್ತಾರಲ್ಲ.”

ಮಂಜುವಿನ ಎಂಟು ವರ್ಷದ ಮಗಳು ಸಿಂಗಾಪುರದ ಮಕ್ಕಳ ರಾಗದಲ್ಲಿ ಕೇಳಿದಳು: “ಪಪ್ಪಾ, ನಮಗ್ಯಾಕೆ ಸೆಪರೇಟ್ ಲಾ?”

ಮಂಜು ಅವಳಿಗೆ ಚಪ್ಪಲಿ ಹಾಕಿಸಿ, “ಈ ಸಲ ನಾವು ಬರಲ್ಲ” ಎಂದು ಹೊರಟುಬಿಟ್ಟ.

ಊರಿನ ಹೋಟೆಲುಗಳಲ್ಲಿ ದಲಿತರಿಗಿಡುವ ಬೇರೆ ಲೋಟದ ವಿರುದ್ಧ ಬೀದಿಯಲ್ಲಿ ಗಂಟಲು ಹರಿದುಕೊಂಡವನು ನಾನು. ಇವತ್ತು ಫೋನಿನಲ್ಲಿ ನೀಲಿ ಸಮುದ್ರ ನೋಡುತ್ತಾ ಕೂತಿದ್ದೆ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಸುಮಾಳಿಗೆ ಬೈದೆ, ನಿಜ. ಅದನ್ನು ಕೇಳಬೇಕಾದವನು ಅಷ್ಟರಲ್ಲಿ ಕೆಳಗಿಳಿದಿದ್ದ.

ನಾವಿನ್ನೂ ಕಾಲಿಡದ ದ್ವೀಪದಲ್ಲಿ ಊರಾಚೆಯ ಕೇರಿಯೊಂದನ್ನು ಕಟ್ಟಿ ಮುಗಿಸಿದ್ದೇವೆ. ವ್ಯೂ ಮಾತ್ರ ಸೂಪರ್ ಅಂತೆ.