ಲಚ್ಚಿಯ ಹಳೆಯ ಲಾಳ

ಅಕ್ಕಲಕೋಟೆಗೆ ಬೇಕಾದಷ್ಟು ಬಸ್ಸುಗಳಿದ್ದರೂ ಮೈಂದರ್ಗಿಯ ನಮ್ಮಜ್ಜ ಟಾಂಗಾದಲ್ಲೇ ಓಡಾಡುತ್ತಿದ್ದ ದಿನಗಳವು. ಸೊಲ್ಲಾಪುರದಲ್ಲಿ ಸಾಲಿ ಕಲಿಯುತ್ತಿದ್ದ ನನಗೆ ದಸರಾ ಸೂಟಿ ಬಂತೆಂದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಜ್ಜನ ಮನೆಯೊಳಗೆ ಹೂರಣದ ವಾಸನೆ, ಹಿತ್ತಲಲ್ಲಿ ಹಸಿಮೇವಿನ ವಾಸನೆ, ಅಲ್ಲಿ ನಮ್ಮ ಕೆಂಪು ಕುದುರೆ ಲಚ್ಚಿ. ದಸರೆಯ ಸಂಜೆ ಸೀಮೆ ದಾಟಿ ಬನ್ನಿ ತರುವಾಗ ಬಟ್ಟೆ ಅಂಗಡಿಯ ಬಾಳಾಕಾಕಾನ ಟಾಂಗಾಕ್ಕೂ ನಮ್ಮದಕ್ಕೂ ಊರಬಾಗಿಲ ಅಗಸಿಯವರೆಗೆ ಓಟದ ಶರ್ಯತ್ತು. ಹಿಂದಿನ ವರ್ಷ ಸೋತಿದ್ದೆವು. ಈ ಸಲ ಸೋತರೆ ಹೋಳಿಗೆ ಮುಟ್ಟುವುದಿಲ್ಲವೆಂದು ನಾನು ಸಾರಿಬಿಟ್ಟಿದ್ದೆ.

ಹಬ್ಬಕ್ಕೆ ಎರಡು ದಿನ ಇರುವಾಗ ಲಾಳ ಬಡಿಯುವ ಶಂಕ್ರಪ್ಪಕಾಕಾ ಬಂದ. ಲಚ್ಚಿಯ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಹಿಂಬದಿಯ ನರವನ್ನು ಹೆಬ್ಬೆರಳಿನಿಂದ ಒತ್ತಿದ. ಲಚ್ಚಿ ಕಾಲು ಕಿತ್ತುಕೊಂಡಳು.

"ಸಾವಕಾರ್ರ, ನರ ಬಿಸಿ ಐತ್ರಿ. ಗೊರಸಿನ ತುದಿ ಉದ್ದ ಬೆಳದೈತಿ, ಹೆಜ್ಜಿಗೊಮ್ಮೆ ನರ ಜಗ್ಗತೈತಿ. ಈ ಲಾಳಾನೂ ವಜ್ಜಿ. ತುದಿ ಕೆತ್ತಿ, ಹಿಮ್ಮಡಿಗೆ ಆಧಾರ ಸಿಗೂವಂಥ ಹಗೂರ ಲಾಳ ಹೊಡೀತೀನಿ. ಆದ್ರ ಹದಿನೈದು ದಿನ ಓಡಸಬ್ಯಾಡ್ರಿ."

ಕೊನೆಯ ಮಾತಷ್ಟೇ ನನ್ನ ಕಿವಿಗೆ ಬಿತ್ತು. "ಅಜ್ಜಾ, ಹಬ್ಬ ಆದಮ್ಯಾಲ ಹೊಡೀಲಿ" ಎಂದು ಟಾಂಗಾದ ಗಾಲಿ ಹಿಡಿದುಕೊಂಡು ಗೋಳೋ ಎಂದು ಅತ್ತೆ.

"ಇರ್ಲಿ ಬಿಡೋ ಶಂಕ್ರಪ್ಪ, ಪೋರಿ ಅಳಾಕತ್ತಾಳ" ಎಂದ ಅಜ್ಜ.

ಮರುದಿನ ಅಜ್ಜನಿಗೇ ತಡೆಯದೆ ಹೇಳಿಕಳಿಸಿದರೆ, ಖಂಡೇನವಮಿಯೆಂದು ಶಂಕ್ರಪ್ಪಕಾಕಾನ ಸುತ್ತಿಗೆ, ಉಳಿ ಎಲ್ಲ ಪೂಜೆಗೆ ಕೂತಿದ್ದವು. ಬನ್ನಿ ಮುಡಿಯುವವರೆಗೆ ಅವನ್ನು ಮುಟ್ಟುವಂತಿಲ್ಲ. ನಾನು ಒಳಗೊಳಗೇ ಹಿಗ್ಗಿದೆ.

ದಸರೆಯ ಸಂಜೆ ಬನ್ನಿ ತಂದು ಮರಳುವಾಗ ಅಜ್ಜ ಟಾಂಗಾ ಓಡಿಸದೆ ಲಚ್ಚಿಯನ್ನು ನಡೆಸಿಕೊಂಡೇ ಬರುತ್ತಿದ್ದ; ನಾನು ಅವನ ಪಕ್ಕದಲ್ಲಿ ಕೂತಿದ್ದೆ. ಬಾಳಾಕಾಕಾ ಪಕ್ಕದಿಂದ ದಾಟುತ್ತ, "ಯಾಕ್ರಿ ಅಣ್ಣಾ, ಎಮ್ಮಿ ಹೂಡೀರೇನು?" ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಅಜ್ಜನ ಕೈಯೊಳಗಿನ ಲಗಾಮಿನ ತುದಿ ಎಳೆದುಕೊಂಡು ಲಚ್ಚಿಯ ಬೆನ್ನಿಗೊಂದು ಬಿಟ್ಟೆ.

ಏನು ಓಡಿದಳೆನ್ನುತ್ತೀರಿ! ಡಾಂಬರಿನ ಮೇಲೆ ಟಕಟಕ ಲಾಳ, ಕಿಡಿ, ಬಾಯಿಗೆ ಧೂಳು, ಉಡಿಯೊಳಗಿನ ಬನ್ನಿಯೆಲ್ಲ ಗಾಳಿಪಾಲು. ಅಜ್ಜ ಮೊದಲು "ಹೋ, ಹೋ" ಎಂದು ಜಗ್ಗಿದ. ಬಾಳಾಕಾಕಾನ ಗಾಲಿ ಹಿಂದೆ ಬಿದ್ದದ್ದೇ ಅಜ್ಜನೂ ಎದ್ದು ನಿಂತು ರುಮಾಲು ಬೀಸಿದ. ಅಗಸಿಯನ್ನು ನಾವೇ ಮೊದಲು ಹೊಕ್ಕೆವು. ನಾನು ಮೂರು ಹೋಳಿಗೆ ತಿಂದೆ.

ಬೆಳಿಗ್ಗೆ ಲಚ್ಚಿಯ ಕಾಲು ಬಾತು ನೆಲಕ್ಕೆ ಊರುತ್ತಿರಲಿಲ್ಲ. ಶಂಕ್ರಪ್ಪಕಾಕಾ ಬಂದು ಹಳೆಯ ಲಾಳ ಕಿತ್ತ, ಗೊರಸು ಕೆತ್ತಿದ, ಹಿಮ್ಮಡಿಯ ಕೆಳಗೆ ಚರ್ಮದ ಪಟ್ಟಿ ಇಟ್ಟು ಹಗುರ ಲಾಳ ಕೂಡಿಸಿದ.

"ಕಾಲು ಉಳೀತೈತ್ರಿ," ಎಂದ ಎದ್ದು. "ಓಟ ಹೋತು."

ಅಜ್ಜ ಆ ಹಳೆಯ ಲಾಳ ಎತ್ತಿ ನನ್ನ ಕೈಗೆ ಕೊಟ್ಟು ಲಚ್ಚಿಗೆ ಮೇವು ತರಲು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಈಗ ಆ ರಸ್ತೆಯಲ್ಲಿ ಟಾಂಗಾ ಇಲ್ಲ, ಅಜ್ಜನೂ ಇಲ್ಲ. ಲಚ್ಚಿ ಇನ್ನೂ ಆರು ವರ್ಷ ಬದುಕಿದಳು, ನಡೆದಳು, ಓಡಲಿಲ್ಲ. ಆ ಸಂಜೆಯಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ. ಹೇಳಲು ನಾಚಿಕೆ, ಆ ಸಂತೋಷವನ್ನು ನಾನು ಅವಳ ಕಾಲಿನಿಂದ ಕಿತ್ತುಕೊಂಡಿದ್ದೆ.