ಬಾರದವರ ಹಾಜರಿ

ಅವರ ಹಿಮ್ಮಡಿಗಳು ಬೇಸಿಗೆಯ ಎರಿ ಹೊಲದಂತೆ ಸೀಳಿದ್ದವು. ಸೀಳುಗಳೊಳಗೆ ಕಪ್ಪು ಮಣ್ಣು ಕೂತು, ಎಷ್ಟು ತಿಕ್ಕಿದರೂ ಹೋಗದೆ, ಯಾರೋ ಮಸಿಯಿಂದ ನಕಾಶೆ ಬರೆದಂತೆ ಕಾಣುತ್ತಿತ್ತು. ನಾನು ಮೊದಲು ನೋಡಿದ್ದೇ ಆ ಹಿಮ್ಮಡಿಗಳನ್ನು. ಬಾಗಿಲಿಗೆ ಬೆನ್ನು ಮಾಡಿ, ಕಾಲು ಹಿಂದಕ್ಕೆ ಮಡಚಿ, ನೆಲದ ಮೇಲೆ, ಕಟ್ಟಕಡೆಯ ಸಾಲಿನಲ್ಲಿ, ಹುಡುಗಿಯರ ನಡುವೆ ಒಬ್ಬ ಹೆಂಗಸು ಕೂತಿದ್ದರು. ಹೆಡ್‌ಮಿಸ್ಟ್ರೆಸ್ ಎಲ್ಲಿದ್ದಾರೆ ಎಂದು ನಾನು ಹೊಸ್ತಿಲಲ್ಲಿ ನಿಂತು ಕೇಳಿದೆ. ಅವರು ಕೂತಲ್ಲೇ ತಿರುಗಿದರು.

"ಇಲ್ಲೇ ಅದೀನಿ, ಬಾ. ಬೋರ್ಡಿನ ಮ್ಯಾಲ ನಾ ಬರದದ್ದು ಇಲ್ಲಿಂದ ಕಾಣತೈತೋ ಇಲ್ಲೋ ನೋಡಾಕತ್ತಿದ್ದೆ."

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಕುಂದಗೋಳ ತಾಲೂಕಿನ ಒಂದು ಹಳ್ಳಿ, ಅಲ್ಲಿಯ ಹೆಣ್ಣುಮಕ್ಕಳ ಕನ್ನಡ ಶಾಲೆ. ಏಳು ತರಗತಿಗೆ ಇಬ್ಬರೇ ನಾವು. ಊರಿನವರು ಅವರನ್ನು ದೊಡ್ಡಕ್ಕೋರು ಎನ್ನುತ್ತಿದ್ದರು, ನಾನು ಬಂದ ಮೇಲೆ ನಾನು ಸಣ್ಣಕ್ಕೋರಾದೆ. ನನಗಾಗ ಇಪ್ಪತ್ತೊಂದು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಅಪ್ಪ ತೀರಿಕೊಂಡದ್ದರಿಂದ ಕಾಲೇಜು ಬಿಟ್ಟು, ಟೀಚರ್ಸ್ ಟ್ರೇನಿಂಗ್ ಮುಗಿಸಿ, ಆರ್ಡರ್ ಹಿಡಿದು ಆ ಊರಿಗೆ ಇಳಿದಿದ್ದೆ. ಕಾಲಲ್ಲಿ ಸ್ಯಾಂಡಲ್, ಕೈಯಲ್ಲಿ ಛತ್ರಿ, ತಲೆಯ ತುಂಬ ಡಿಸಿಪ್ಲಿನ್. ದೊಡ್ಡಕ್ಕೋರು ನನ್ನ ಹೆಸರು ಹಿಡಿದು ಕರೆದದ್ದು ಕಡಿಮೆ. "ಬಾ ಬೇ ಕಾನ್ವೆಂಟ್, ಚಾ ಆರತೈತಿ," ಎನ್ನುವರು. ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ದಿನ ಅವರು ಹಾಗೆ ಕರೆಯದಿದ್ದರೆ ಏನೋ ತಪ್ಪಾಗಿದೆ ಎನಿಸತೊಡಗಿತು.

ದೊಡ್ಡಕ್ಕೋರು ಬಾಲವಿಧವೆ. ಇಳಕಲ್ ಸೀರೆ, ಹಣೆಗೆ ವಿಭೂತಿ, ಸೆರಗಿನ ಗಂಟಿನಲ್ಲಿ ಎರಡು ತುಂಡು ಚಾಕ್. ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಗದ್ದಲವಾದರೆ ತಾವು ಇನ್ನೂ ಮೆತ್ತಗೆ ಮಾತಾಡುವರು, ಹುಡುಗಿಯರು ಕೇಳಿಸಿಕೊಳ್ಳಲಿಕ್ಕೆಂದು ತಾವಾಗಿ ಸುಮ್ಮನಾಗುವರು. ತಲೆ ತಗ್ಗಿಸಿ ಕೂತ ಹುಡುಗಿಗೆ ಪ್ರಶ್ನೆ ಕೇಳುತ್ತಿರಲಿಲ್ಲ. ಮೊದಲು ಕೊಡ ಕೊಟ್ಟು ನೀರಿಗೆ ಕಳಿಸುವರು, ತಿರುಗಿ ಬಂದ ಮೇಲೆ ಲೆಕ್ಕ ಕೇಳುವರು. ನಾನು ಒಬ್ಬಳನ್ನು ಬೆಂಚಿನ ಮೇಲೆ ನಿಲ್ಲಿಸಲು ಹೋದಾಗ, ನಮ್ಮ ಶಾಲೆಯಲ್ಲಿ ಬೆಂಚೇ ಇರಲಿಲ್ಲವೆಂಬುದು ಹೊಳೆದು ಪೆಚ್ಚಾದೆ. ಅವರು ಸೆರಗು ಬಾಯಿಗೆ ಹಿಡಿದು ನಕ್ಕು, ಬೇಕಾದರೆ ತಮ್ಮ ಬೆನ್ನಿನ ಮೇಲೆ ನಿಲ್ಲಿಸು ಎಂದರು.

ಆದರೆ ಅವರ ಒಂದು ರೂಢಿ ನನಗೆ ಹಿಡಿಸಲೇ ಇಲ್ಲ. ಹಾಜರಿ ಕರೆಯುವಾಗ ಅವರು ಬಾರದವರ ಹೆಸರನ್ನೂ ದಿನಾಲೂ ಕರೆಯುತ್ತಿದ್ದರು. ವಾರ, ತಿಂಗಳು, ಎಷ್ಟು ದಿನ ಬಾರದಿದ್ದರೂ ಸರಿ. ಕರೆದು, ಉತ್ತರ ಬರುವವರೆಗೆ ಕಾಯುವರು. ಉತ್ತರ ಕೊಡಬೇಕಾದವರು ಉಳಿದ ಹುಡುಗಿಯರು. ಮೆಣಸಿನಕಾಯಿ ಬಿಡಸಾಕ ಹೋಗ್ಯಾಳ್ರಿ. ತಮ್ಮನ್ನ ಹೊತ್ಕೊಂಡು ಕುಂತಾಳ್ರಿ. ಅವರವ್ವ ಹಡದಾಳ್ರಿ. ಹೀಗೆ ಒಂದೊಂದು ಹೆಸರಿಗೂ ಒಂದೊಂದು ಸಮಾಚಾರ. ಹದಿನೈದು, ಇಪ್ಪತ್ತು ನಿಮಿಷ ಇದರಲ್ಲೇ ಹೋಗುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಅವರು ಆ ಸಮಾಚಾರದ ಬೆನ್ನು ಹತ್ತಿ ಹೊರಡುವರು. ಹೊಲದ ಬದುವಿನ ಮೇಲೆ ಕೂತು, ಮೆಣಸಿನಕಾಯಿಯ ಉರಿ ಹತ್ತಿದ ಕೈಯವಳಿಗೆ ಪಾಟಿ ಬಳಪ ಹಿಡಿಯಲಾಗದೆಂದು ತಾವೇ ಪಾಟಿ ಹಿಡಿದು, ಅವಳಿಂದ ಬಾಯಲ್ಲೇ ಮೂರು ಲೆಕ್ಕ ಮಾಡಿಸಿ ಬರುವರು.

ಇದು ವೇಸ್ಟ್ ಆಫ್ ಟೈಮ್ ಅಲ್ಲವೇ ಎಂದು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ. ಅವರು ಹೇಳಿದರು: "ಬಂದವರು ಬಂದೇ ಬರ್ತಾರ. ಬಾರದಾಕಿಗೆ ಸಂಜೀಕ ಗೆಳತಿ ಹೋಗಿ, ನಿನ್ನ ಹೆಸರು ಕರದ್ರು ಅಂತ ಹೇಳ್ತಾಳ. ಆವತ್ತು ಆಕಿಗೆ ಅಷ್ಟ ಸಾಲಿ."

ನಾನು ತಲೆಯಾಡಿಸಿದೆ. ಅರ್ಥವಾಗಿತ್ತೆಂದಲ್ಲ.

ಆ ವರ್ಷ ಏಳನೆಯ ತರಗತಿಯಲ್ಲಿ ನೀಲವ್ವ ಎಂಬ ಹುಡುಗಿ ಇದ್ದಳು. ಬಾಯಿಲೆಕ್ಕದಲ್ಲಿ ನನ್ನನ್ನೇ ಸೋಲಿಸುತ್ತಿದ್ದಳು. ಏಳನೆಯ ತರಗತಿಯ ಕೊನೆಗೆ ಮುಲ್ಕಿ ಪರೀಕ್ಷೆ. ಅದನ್ನು ದಾಟಿದರೆ ಹೈಸ್ಕೂಲು. ಅವಳ ಅಪ್ಪ ಅವಳನ್ನು ಸೋದರಮಾವನಿಗೆ ಕೊಡುವುದೆಂದು ಆಗಲೇ ಮಾತಾಡಿದ್ದ. ದೊಡ್ಡಕ್ಕೋರು ಆತನ ಕಟ್ಟೆಯ ಮೇಲೆ ಎಷ್ಟು ಸಂಜೆ ಕೂತರೋ, ಕೊನೆಗೆ ಆತ ಒಂದು ಮಾತು ಕೊಟ್ಟ: ಮಗಳ ಹೆಸರು ಶಾಲೆಯಲ್ಲಿ ಇರುವ ತನಕ, ಮುಲ್ಕಿ ಆಗುವ ಮಟ ಲಗ್ನದ ಮಾತು ಎತ್ತುವುದಿಲ್ಲ, ಪಾಸಾದರೆ ಹೈಸ್ಕೂಲಿಗೂ ಹಾಕುತ್ತೇನೆ. ಆದರೆ ಮೆಣಸಿನಕಾಯಿ ಸುಗ್ಗಿಯಲ್ಲಿ ಮಾತ್ರ ಅವಳು ಹೊಲಕ್ಕೆ ಬರಬೇಕು. ದೊಡ್ಡಕ್ಕೋರು ಒಪ್ಪಿದರು. ಅವಳ ಹೆಸರನ್ನು ಅವರು ದಿನಾ ಕರೆಯುತ್ತಿದ್ದರು, ಅವಳ ಪಾಠ ಬದುವಿನ ಮೇಲೆ ನಡೆಯುತ್ತಿತ್ತು.

ಆ ಸುಗ್ಗಿಯ ನಡುವೆಯೇ ಅವರ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಎಡಗಣ್ಣಿಗೂ ಆಗಲೇ ಮಬ್ಬು ಕವಿದಿತ್ತು. ಅಳ್ನಾವರದಲ್ಲಿದ್ದ ತಮ್ಮನ ಮನೆಯಲ್ಲಿ ಒಂದೂವರೆ ತಿಂಗಳು ರೆಸ್ಟ್. ಹೋಗುವ ಮುಂದೆ ಕೀಲಿಕೈ ನನ್ನ ಕೈಗಿಟ್ಟು, ಹೊಲದ ಪಾಠ ನಿನ್ನಿಂದ ಆಗದಿದ್ದರೆ ಬಿಡು, ಹಾಜರಿ ಮಾತ್ರ ಬಿಡಬೇಡ ಎಂದರು.

ನಾನು ಇನ್‌ಚಾರ್ಜ್. ಮೊದಲ ವಾರ ಕರೆದೆ. ಎರಡನೆಯ ವಾರ ಇನ್ಸ್‌ಪೆಕ್ಷನ್ ಬರುತ್ತದೆಂದು ಸುದ್ದಿ ಬಂತು. ರಿಜಿಸ್ಟರ್ ತೆರೆದು ನೋಡಿದರೆ ಗೈರುಹಾಜರಿಯ ಸೊನ್ನೆಗಳ ಸಾಲುಗಳು. ಬಹಳ ದಿನ ಬಾರದವರ ಹೆಸರು ತೆಗೆಯಬೇಕೆಂದು ರೂಲ್ ಇತ್ತು. ಹನ್ನೊಂದು ಹೆಸರುಗಳ ಮೇಲೆ ಸ್ಕೇಲಿಟ್ಟು ಕೆಂಪು ಮಸಿಯ ಗೆರೆ ಎಳೆದೆ. ಉಳಿದವರಿಗೆ ಹೊಸ ನಂಬರ್ ಕೊಟ್ಟು, ಹೊಸ ಪುಟದಲ್ಲಿ ದುಂಡಗೆ ಬರೆದೆ. ಇನ್ಸ್‌ಪೆಕ್ಟರು ಬಂದು, ಇಷ್ಟು ನೀಟಾದ ರಿಜಿಸ್ಟರ್ ಈ ತಾಲೂಕಿನಲ್ಲಿ ನೋಡಿಲ್ಲ ಎಂದರು. ಅದೇ ಪುಟ ನೋಡಿ ಮುಲ್ಕಿಗೆ ಕೂರುವವರ ಹೆಸರಿನ ಯಾದಿಯನ್ನೂ ಬರೆದು, ಸಹಿ ಮಾಡಿ, ತಾಲೂಕಿಗೆ ಕಳಿಸಿದೆ. ಆ ಹನ್ನೊಂದರಲ್ಲಿ ನೀಲವ್ವನ ಹೆಸರೂ ಇತ್ತು. ಆನೆಸ್ಟ್ಲಿ, ಅವಳು ನನ್ನ ನೆನಪಿಗೇ ಬರಲಿಲ್ಲ. ಒಂದು ಕ್ಷಣವೂ ಬರಲಿಲ್ಲ. ಈ ವಯಸ್ಸಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದೇ.

ದೊಡ್ಡಕ್ಕೋರು ರೆಸ್ಟ್ ಮುಗಿಯುವ ಮೊದಲೇ ಬಂದುಬಿಟ್ಟರು. ಬಲಗಣ್ಣಿನ ಮೇಲೆ ಹಸಿರು ಬಟ್ಟೆ. ಓದಲು ಕಣ್ಣು ಕಾಣದ್ದರಿಂದ ರಿಜಿಸ್ಟರನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಹೆಸರುಗಳನ್ನು ಬಾಯಿಪಾಠವಾಗಿ ಕರೆಯತೊಡಗಿದರು. ಹಳೆಯ ನಂಬರಿನ ಪ್ರಕಾರವೇ. ಒಂಬತ್ತನೆಯದು ನೀಲವ್ವನದು. ಕರೆದರು, ಕಾದರು. ಯಾರೂ ಬಾಯಿ ಬಿಡಲಿಲ್ಲ. ಮತ್ತೆ ಕರೆದರು. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು.

"ಆಕಿ ಹೆಸರು ತಗದೈತ್ರಿ ಅಕ್ಕೋರ. ಆಕಿ ದಿನಾ ಸಂಜೀಕ ನನ್ನ ಕೇಳ್ತಿದ್ಲು. ಕರದಿಲ್ಲ ಅಂತ ಹೇಳೀನ್ರಿ."

ದೊಡ್ಡಕ್ಕೋರು ಉಳಿದ ಹೆಸರುಗಳನ್ನೂ ಕರೆದು ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಯಾದಿ ಹೋಯಿತೇ ಎಂದಷ್ಟೇ ಕೇಳಿದರು. ಹೋಯಿತು ಎಂದೆ. ಬೈಯಲಿಲ್ಲ. ಅಂದು ನನ್ನನ್ನು ಕಾನ್ವೆಂಟ್ ಎಂದು ಕರೆಯಲಿಲ್ಲ.

ಆ ಸಂಜೆ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನೀಲವ್ವನ ಮನೆಗೆ ನಡೆದರು. ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು. ಅಪ್ಪ ಎದ್ದು ನಿಂತು, ಕಂಬಳಿ ಹಾಸಿ, ಬಹಳ ಮರ್ಯಾದೆಯಿಂದ ಮಾತಾಡಿದ. ತಾನು ಮಾತು ತಪ್ಪಿಲ್ಲ ಎಂದ. ಶಾಲೆಯಲ್ಲಿ ಹೆಸರೇ ಇಲ್ಲವೆಂದು ಮಗಳೇ ಅತ್ತು ಹೇಳಿದ ಮೇಲೆ ಮಾವನ ಮನೆಯವರಿಗೆ ಎಲೆ ಅಡಿಕೆ ಕೊಟ್ಟಾಯಿತು ಎಂದ. ಬಾಗಿಲ ಮರೆಯಲ್ಲಿ ನೀಲವ್ವ ನಿಂತಿದ್ದಳು. ಕೈಗಳೆರಡೂ ಮಜ್ಜಿಗೆಯ ಬೋಗುಣಿಯಲ್ಲಿ, ಉರಿ ಆರಲೆಂದು. ಅಲ್ಲಿಂದಲೇ ಕೇಳಿದಳು.

"ನನ್ನ ನಂಬರ್ ಯಾರಿಗೆ ಕೊಟ್ರಿ ಅಕ್ಕೋರ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಕ್ಕೋರ ಕೈ ನನ್ನ ಹೆಗಲನ್ನು ಒತ್ತಿತು.

"ತಪ್ಪು ನಂದು, ತಂಗಿ. ಹೆಸರು ತಗಿ ಅಂತ ನಾನ ಹೇಳಿ ಹೋಗಿದ್ನಿ. ಈಕಿ ನಾ ಹೇಳಿದಂಗ ಮಾಡ್ಯಾಳ."

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ನೀಲವ್ವ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು.

ದಾರಿಯಲ್ಲಿ ನಾನು ಅತ್ತೆ. ಏಕೆ ಹಾಗೆ ಹೇಳಿದಿರಿ ಎಂದೆ. "ನನಗಿನ್ನ ಎರಡ ವರ್ಷ ನೌಕರಿ. ನನ್ನ ಮ್ಯಾಲಿನ ಸಿಟ್ಟು ನನ್ನ ಕೂಡ ಊರು ಬಿಡತೈತಿ. ನಿನ್ನ ಮ್ಯಾಲ ಕುಂತ್ರ ಮುಂದ ಯಾರು ಇಲ್ಲಿ ಹುಡುಗ್ಯಾರ್ನ ಕಳಸ್ತಾರ?" ಎಂದರು. ಮತ್ತೆ ಸ್ವಲ್ಪ ದೂರ ನಡೆದು, ಅಳು ಬಂದರೆ ಮನೆಗೆ ಹೋಗಿ ಅಳು, ಇಲ್ಲಿ ಮಂದಿ ನೋಡುತ್ತಾರೆ ಎಂದರು.

ಅವರು ಸೋತು ಕೂರಲಿಲ್ಲ. ಧೂಳಿಗೆ, ಬಿಸಿಲಿಗೆ ಕಣ್ಣು ಒಡ್ಡಬಾರದೆಂದು ಡಾಕ್ಟರು ಹೇಳಿದ್ದರೂ ಮರುದಿನವೇ ಕುಂದಗೋಳಕ್ಕೆ ಹೋದರು. ಹತ್ತಿಯ ಅಂಡಿಗೆ ಮೂಟೆಗಳನ್ನು ಹೇರಿದ ಗಾಡಿಯ ಮೇಲೆ ಕೂತು ಒಮ್ಮೆ, ಬಸ್ಸಿನಲ್ಲಿ ಎರಡು ಸಲ. ಯಾದಿ ಧಾರವಾಡಕ್ಕೆ ಹೋಗಿದೆ, ಮುಂದಿನ ವರ್ಷ ಕೂರಿಸಿರಿ ಎಂದರು ಆಫೀಸಿನಲ್ಲಿ. ಅಲ್ಲಿಯೂ ಅವರು ತಪ್ಪು ತಮ್ಮದೆಂದೇ ಬರೆದುಕೊಟ್ಟರು. ಅದಕ್ಕೊಂದು ಮೆಮೋ ಬಂತು. ಮುಂದಿನ ವರ್ಷದವರೆಗೆ ನೀಲವ್ವನ ಅಪ್ಪ ಕಾಯಲಿಲ್ಲ. ಹತ್ತಿ ಬಿಡಿಸುವುದು ಮುಗಿಯುವ ಮೊದಲೇ ಲಗ್ನವಾಯಿತು. ನಮ್ಮಿಬ್ಬರಿಗೂ ಕರೆ ಬಂದಿತ್ತು. ದೊಡ್ಡಕ್ಕೋರು ಹೋಗಿ ಅಕ್ಷತೆ ಹಾಕಿ ಬಂದರು. ನೀಲವ್ವ ಕಾಲಿಗೆ ಎರಗಲಿಲ್ಲವಂತೆ. ನಾನು ಜ್ವರವೆಂದು ಮನೆಯಲ್ಲಿ ಮಲಗಿದ್ದೆ.

ದೊಡ್ಡಕ್ಕೋರ ಆ ಬಲಗಣ್ಣು ಮೊದಲು ಕೆಂಪಾಯಿತು, ಆಮೇಲೆ ಕೀವಾಯಿತು, ಆಮೇಲೆ ಹೋಯಿತು. ಇನ್‌ಫೆಕ್ಷನ್ ಯಾವುದರಿಂದಲೂ ಆಗಬಹುದು ಎಂದರು ಡಾಕ್ಟರು. ಇನ್ನೊಂದು ಕಣ್ಣನ್ನು ಮುಟ್ಟಲು ದೊಡ್ಡಕ್ಕೋರು ಒಪ್ಪಲಿಲ್ಲ. ಉಳಿದ ಎರಡು ವರ್ಷ ಮಬ್ಬುಗಣ್ಣಿನಲ್ಲೇ ಕಲಿಸಿದರು. ಬೋರ್ಡಿನ ಮೇಲೆ ಸಾಲು ಸೊಟ್ಟಗೆ ಹೋದರೆ, ಗಾಡಿ ಹಾದಿ ಬಿಟ್ಟೈತಿ, ಹೇಳ್ರೇ ಎಂದು ಹುಡುಗಿಯರನ್ನು ನಗಿಸುವರು. ಮುಖ ಮಾತ್ರ ನಗುತ್ತಿರಲಿಲ್ಲ. ರಿಟೈರ್ ಆಗಿ, ಅಣ್ಣಿಗೇರಿಯಲ್ಲಿದ್ದ ತಂಗಿಯ ಮಗನ ಮನೆ ಸೇರಿದರು.

ನಾನು ಆ ಊರಲ್ಲೇ ಉಳಿದೆ. ಸಣ್ಣಕ್ಕೋರು ಎಂಬ ಹೆಸರು ಹೋಗಿ ನಾನೇ ಅಕ್ಕೋರಾದೆ. ಬಾರದವರ ಹಾಜರಿ ಕರೆಯುವುದನ್ನು ಒಂದು ದಿನವೂ ಬಿಡಲಿಲ್ಲ. ಸಂಜೆ ಹೊಲಕ್ಕೂ ಹೋದೆ, ಸ್ಯಾಂಡಲ್ ಕೈಯಲ್ಲಿ ಹಿಡಿದು. ಒಮ್ಮೆ ಒಬ್ಬ ತಾಯಿ ಮಗಳನ್ನು ಶಾಲೆಗೆ ಸೇರಿಸಲು ಬಂದವಳು, ನಿಮ್ಮನ್ನು ನಂಬಿ ಕಳಿಸುತ್ತಿದ್ದೇನೆ, ಆ ಮುದುಕಿಯಂತೆ ಹೆಸರು ಹೊಡೆದುಹಾಕುವವರಲ್ಲ ನೀವು ಎಂದಳು. ನಾನು ಆ ಮಗುವಿನ ಹೆಸರು ಬರೆದುಕೊಂಡೆ.

ಅಣ್ಣಿಗೇರಿಗೆ ರಜೆಯಲ್ಲಿ ಹೋಗಿಬರುತ್ತಿದ್ದೆ. ಕೊನೆಯ ಸಲ ಹೋದಾಗ ಅವರಿಗೆ ಎರಡೂ ಕಣ್ಣು ಪೂರಾ ಹೋಗಿದ್ದವು. ಆ ಸೀಮೆಯಿಂದ ಯಾರಾದರೂ ಬಂದರೆ, ನೀಲವ್ವ ಹೆಂಗದಾಳ ಎಂದು ಕೇಳುತ್ತಾರೆಂದು ಮನೆಯವರು ಹೇಳಿದರು. ನೀಲವ್ವನನ್ನು ಕೊಟ್ಟ ಊರು ಅಲ್ಲಿಂದ ಹತ್ತೇ ಮೈಲು. ನಾನು ಹೋಗಿ ನಿಜ ಹೇಳಲೇ ಎಂದು ಕೇಳಿದೆ. ಅವರು ಬೆರಳುಗಳಿಂದ ಸೆರಗಿನ ಅಂಚನ್ನು ತಡವಿದರು.

"ಹೇಳಬೇಕು ಅನಿಸಿದಾಕಿ ನನ್ನ ಕೇಳಾಕ ಯಾಕ ಬಂದಿ?"

ಆಗಲೂ ನಾನು ಹೋಗಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಮಳೆಗಾಲದಲ್ಲಿ, ಅವರು ತೀರಿಕೊಂಡರು. ಬೆಣ್ಣಿಹಳ್ಳ ತುಂಬಿ ಹಾದಿ ಕಟ್ಟಿದ್ದರಿಂದ ನಾನು ಅವರ ಮಣ್ಣಿಗೆ ಹೋಗಿ ಮುಟ್ಟಲಾಗಲಿಲ್ಲ. ಐದು ದಿನಕ್ಕೆ ಹೋದೆ. ಅಲ್ಲಿಂದ ಮರಳುವ ಮೊದಲು ನೀಲವ್ವನ ಊರಿನ ಬಸ್ಸು ಹತ್ತಿದೆ.

ಅವಳಿಗೆ ಇಪ್ಪತ್ತರ ಆಸುಪಾಸು. ಸೊಂಟದ ಮೇಲೊಂದು ಕೂಸು, ಸೆರಗು ಹಿಡಿದು ಇನ್ನೊಂದು. ನನ್ನ ಗುರುತು ಹಿಡಿದು ಚಾಪೆ ಹಾಸಿದಳು, ಚಹಾ ಮಾಡಿದಳು. ದೊಡ್ಡಕ್ಕೋರು ಹೋದ ಸುದ್ದಿ ಹೇಳಿದೆ. "ಹೋದ್ರ ನನಗೇನ್ರಿ? ಆಕಿ ನನಗ ಯಾವತ್ತೋ ಹೋಗ್ಯಾಳ," ಎಂದಳು. ಆಗ ಹೇಳಿದೆ. ಕೆಂಪು ಗೆರೆ, ರಿಜಿಸ್ಟರ್, ಯಾದಿ, ಮೆಮೋ, ಅವರ ಕಣ್ಣು ಹೋದದ್ದು, ಎಲ್ಲ. ಹೇಳುವಾಗ ಅವಳ ಮುಖ ನೋಡಲಾಗದೆ ಚಾಪೆಯನ್ನೇ ನೋಡುತ್ತಿದ್ದೆ. ಕೂಸು ಅತ್ತಿತು, ಅವಳು ಅದನ್ನು ತಟ್ಟಲಿಲ್ಲ.

"ವರ್ಷದ ಹಿಂದ ಅಣ್ಣಿಗೇರಿ ಸಂತ್ಯಾಗ ಅಕ್ಕೋರು ಎದುರಿಗೆ ಬಂದಿದ್ರು," ಎಂದಳು ನೀಲವ್ವ. "ಯಾರದೋ ಹೆಗಲ ಮ್ಯಾಲ ಕೈ ಇಟ್ಟಿದ್ರು. ಅಗದಿ ಸಮೀಪ, ಇಷ್ಟು. ಅವರಾಗೇ ಮಾತಾಡಸಲಿ ಅಂತ ನಾ ಸುಮ್ಮನ ನಿಂತಿದ್ನಿ. ನನ್ನ ನೋಡೇ ಹಂಗ ಹೋದ್ರು ಅಂತ ತಿಳಕೊಂಡಿದ್ನಿರಿ."

ಬಸ್ಸಿಗೆ ಹೊತ್ತಾಗಿತ್ತು. ಎದ್ದೆ. ಅವಳು ಕೂಸನ್ನು ಎತ್ತಿಕೊಂಡು ಅಂಗಳದ ತುದಿಯವರೆಗೆ ಬಂದಳು. ನಮ್ಮ ಕಡೆ ಹಗೆಯವರು ಹೊರಟರೂ ‘ಹೋಗಿ ಬರ್ರಿ’ ಎನ್ನುತ್ತಾರೆ. ನಾನು ಚಪ್ಪಲಿ ಮೆಟ್ಟುತ್ತ, ಬೇಕೆಂದೇ ಸ್ವಲ್ಪ ತಡಮಾಡಿದೆ. ಅವಳು ಅನ್ನಲಿಲ್ಲ.